ಹೊಂಡದ ತಳಕ್ಕೆ ಕೆರೆಗೋಡು ಹಾಕಿದ್ದೇಕೆ

ಮೊದಲ ವರ್ಷ ಬಲೆ ಎಳೆದ ದಿನ ಹೊಟ್ಟೆ ಉರಿದುಹೋಯಿತು. ಶ್ರೀನಿವಾಸಪುರದ ಹತ್ತಿರ ನಮ್ಮ ಮಾವಿನ ತೋಪಿನ ಅಂಚಿಗೆ 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಕೃಷಿಹೊಂಡವಿದೆ. ಜುಲೈನಲ್ಲಿ ಒಂದಿಂಚಿನ ನಾಲ್ಕು ಸಾವಿರ ಮೀನುಮರಿ ಬಿಟ್ಟಿದ್ದೆ: ಕಾಟ್ಲಾ, ರೋಹು, ಮೃಗಾಲ್. ಎಲ್ಲ ಒಂದೇ ದಿನ, ಒಂದೇ ಅಳತೆ. ಒಂದೂವರೆ ತಿಂಗಳಿಗೆ ಬಲೆಯಲ್ಲಿ ನಾಲ್ಕಿಂಚಿನ ಕಾಟ್ಲಾ ಪಕ್ಕದಲ್ಲೇ ಒಂದೂವರೆ ಇಂಚಿನ ಕಾಟ್ಲಾ ಒದ್ದಾಡುತ್ತಿತ್ತು. ಮೃಗಾಲ್ ಮರಿಗಳಂತೂ ತಲೆ ದಪ್ಪ, ಮೈ ಕಡ್ಡಿ.

ಮೇವು ಸಾಲಲಿಲ್ಲ ಅಂದುಕೊಂಡು ಕಡಲೆಕಾಯಿ ಹಿಂಡಿ, ತೌಡು ಎರಡನ್ನೂ ದುಪ್ಪಟ್ಟು ಮಾಡಿದೆ. ನಾಲ್ಕನೇ ದಿನ ಬೆಳಗಿನ ಜಾವ ಮರಿಗಳೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ತಿನ್ನದೆ ಉಳಿದ ಹಿಂಡಿ ಕೊಳೆತು ನೀರಿನ ಆಮ್ಲಜನಕ ತಿಂದುಹಾಕಿತ್ತು. ಮೋಟಾರು ಹಾಕಿ ಹೊಂಡದ ನೀರನ್ನೇ ಎತ್ತಿ ಹೊಂಡಕ್ಕೆ ಸುರಿದೆ. ಬಿಸಿಲೇರುವ ಹೊತ್ತಿಗೆ ಚೇತರಿಸಿಕೊಂಡವು, ಆದರೆ ಮುನ್ನೂರರಷ್ಟು ಸತ್ತಿದ್ದವು. ಮೇವು ಉಳಿದು ಕೊಳೆಯುವಷ್ಟಿದ್ದರೂ ಅರ್ಧ ಮರಿಗಳು ಉಪವಾಸ ಬಿದ್ದದ್ದು ಹೇಗೆ?

ನಾನು ಓದಿದ್ದು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ. 1969ರಲ್ಲಿ ಶುರುವಾದ, ದೇಶದ ಮೊದಲ ಮೀನುಗಾರಿಕಾ ಕಾಲೇಜು ಅದು. ಅಲ್ಲಿ ಅಳಿವೆಯ, ಅಂದರೆ ಹೊಳೆ ಕಡಲು ಸೇರುವ ಜಾಗದ, ಮೀನುಮರಿಗಳ ಹೊಟ್ಟೆ ಕೊಯ್ದು ನೋಡುವುದು ನಮ್ಮ ಪಾಠದಲ್ಲೇ ಇತ್ತು. ಒಂದೇ ಬಲೆಗೆ ಬಿದ್ದ ಮರಿಗಳು, ಆದರೂ ಕಾಣೆ ಮೀನಿನ ಹೊಟ್ಟೆಯಲ್ಲಿ ಮರಳಿನ ಹುಳು, ಚೂರುಪಾರು ಸಿಗಡಿ. ಮುಲ್ಲೆಟ್ ಮೀನಿನ ಹೊಟ್ಟೆಯಲ್ಲಿ ಕೆಸರು, ಮರಳಿನ ಕಣ, ಡಯಾಟಮ್ ಪಾಚಿ. ತೀರಾ ಎಳೆಯವಾಗಿದ್ದಾಗ ಎರಡೂ ಪ್ರಾಣಿ ಪ್ಲವಕಕ್ಕೇ, ಅಂದರೆ ನೀರಿನಲ್ಲಿ ತೇಲುವ ತೀರಾ ಸಣ್ಣ ಜೀವಿಗಳಿಗೇ ಬಾಯಿ ಹಾಕುತ್ತವೆ. ಸ್ವಲ್ಪ ಬೆಳೆದ ಮೇಲೆ ದಾರಿ ಬೇರೆಯಾಗುತ್ತದೆ, ಹಾಗಾಗಿ ಮೊಣಕಾಲುದ್ದದ ನೀರಿನಲ್ಲೂ ಕಿತ್ತಾಟ ಕಡಿಮೆ.

ಅದು ನೆನಪಾಗಿ ನಮ್ಮ ಹೊಂಡದ ಮರಿಗಳನ್ನೂ ಜಾತಿಗೆ ಆರರಂತೆ ಕೊಯ್ದೆ. ಎರಡಿಂಚಿನ ಮೃಗಾಲ್‌ನ ಕರುಳನ್ನು ಬಿಳಿ ಸಾಸರಿನ ಮೇಲೆ ಸೂಜಿಯಿಂದ ಬಿಡಿಸಿದೆ. ದಾರದ ಉಂಡೆಯಂತೆ ಸುತ್ತಿಕೊಂಡಿದ್ದ ಕರುಳು, ಬಿಡಿಸಿದರೆ ಮೈಯ ಹಲವು ಪಟ್ಟು ಉದ್ದ. ಕೆಸರು, ಕೊಳೆತ ಎಲೆ ತಿಂದು ನಿಧಾನವಾಗಿ ಅರಗಿಸಿಕೊಳ್ಳಲೆಂದೇ ಇರುವ ಕರುಳು. ಒಳಗೆ ಭೂತಗನ್ನಡಿ ಹಿಡಿದು ನೋಡಿದರೆ ನಾಲ್ಕಾರು ನೀರುಚಿಗಟದ (ಪ್ರಾಣಿ ಪ್ಲವಕದಲ್ಲೊಂದು) ಸಿಪ್ಪೆ, ಒಂದಿಷ್ಟು ತೌಡು, ಮುಕ್ಕಾಲು ಭಾಗ ಖಾಲಿ. ದೊಡ್ಡ ಕಾಟ್ಲಾದಲ್ಲಿ ಅದೇ ನೀರುಚಿಗಟ, ಅದೇ ತೌಡು, ಆದರೆ ಗಿಡಿದು ತುಂಬಿತ್ತು.

ಆಗ ಹೊಳೆಯಿತು. ಕೆರೆಯಲ್ಲಾದರೆ ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ನಮ್ಮ ಹೊಂಡಕ್ಕೆ ತಳ ಎಲ್ಲಿದೆ? ಇರುವುದು ಪ್ಲಾಸ್ಟಿಕ್ ಹಾಳೆ. ಕೆಸರಿಲ್ಲ, ಹುಳವಿಲ್ಲ, ಕೊಳೆತ ಎಲೆಯಿಲ್ಲ. ಮೂರೂ ಜಾತಿ ನಾನು ಮೂಲೆಯಲ್ಲಿ ಎರಚುವ ಹಿಡಿ ಮೇವಿಗೆ ಮುಗಿಬೀಳುತ್ತಿದ್ದವು. ಅದೂ ಬೆಳಗ್ಗೆ ಒಂದೇ ಸಲ. ಈ ಮೀನುಗಳಿಗೆ ಜಠರವೇ ಇಲ್ಲ, ಬಾಯಿಂದ ನೇರ ಕರುಳು. ಒಂದೇ ಸಲ ತಿಂದು ಕೂಡಿಟ್ಟುಕೊಳ್ಳಲಾರವು, ದಿನವಿಡೀ ಚೂರುಚೂರೇ ಮೇಯಬೇಕು. ಮುಂಚೆ ನುಗ್ಗಿದ ದಪ್ಪ ಮರಿ ಉಂಡಿತು, ತಳಕ್ಕೆ ಬಿದ್ದದ್ದು ಮೂಲೆಯಲ್ಲಿ ಗುಡ್ಡೆಯಾಗಿ ಹುಳಿಯಿತು. ಈ ದಿನದ ಅರ್ಧ ಮಿಲಿಮೀಟರು ನಾಳೆಯ ಮೇಲುಗೈ, ಹೀಗೆ ದಿನದಿನಕ್ಕೂ ಅಂತರ ಹಿಗ್ಗುತ್ತದೆ.

ಬೇಸಿಗೆಯಲ್ಲಿ ಹೊಂಡ ಒಣಗಿದಾಗ ಕೆರೆಗೋಡು, ಅಂದರೆ ಕೆರೆಯ ಹೂಳು ಮಣ್ಣು, ಹೊಡೆಸಿ, ಕಲ್ಲು ಆರಿಸಿ, ಹಾಳೆ ಹರಿಯದಂತೆ ಪುಟ್ಟಿಯಲ್ಲಿ ಹೊತ್ತು ತಳಕ್ಕೆ ಅರ್ಧ ಅಡಿ ಹರಡಿದೆ. "ತೋಪಿಗೆ ಹಾಕೋ ಗೋಡನ್ನ ತಗೊಂಡೋಗಿ ನೀರಿಗೆ ಹಾಕ್ತೀಯಲ್ಲೋ," ಅಂತ ಅಪ್ಪ ಮೂರು ದಿನ ಮಾತು ಬಿಟ್ಟರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ನಮ್ಮ ಕಡೆ ಗೋಡಿನ ಬೆಲೆ ಮರಕ್ಕೆ ಗೊತ್ತು.

ನೀರು ತುಂಬಿ ಸಗಣಿ ಬಗ್ಗಡ ಬಿಟ್ಟೆ. ಹತ್ತು ದಿನಕ್ಕೆ ಐವತ್ತು ಲೀಟರ್ ನೀರನ್ನು ಪ್ಲವಕ ಬಲೆಯಲ್ಲಿ ಸೋಸಿದರೆ ಒಂದೂವರೆ ಮಿಲಿಲೀಟರ್ ಗಸಿ ನಿಂತಿತು, ಅಂದರೆ ಮರಿಗಳಿಗೆ ಸಾಲುವಷ್ಟು ಪ್ಲವಕ ಬಂದಿತ್ತು. ಆಮೇಲಷ್ಟೇ ಮರಿ ಬಿಟ್ಟದ್ದು, ಅದೂ ಮೂರು ಸಾವಿರ ಮಾತ್ರ. ನಡುನೀರಿಗೆ ಬಿದಿರು ಗಳಗಳನ್ನು ನೆಟ್ಟೆ; ಅವುಗಳ ಮೇಲೆ ಕಟ್ಟುವ ಪಾಚಿಯನ್ನು ರೋಹು ಕೆರೆದು ತಿನ್ನುತ್ತದೆ. ಮೇವನ್ನು ನಾಲ್ಕು ಹೊತ್ತಿಗೆ, ನಾಲ್ಕು ಕಡೆಗೆ ಹಂಚಿದೆ. ನುಣ್ಣಗೆ ಜರಡಿ ಹಿಡಿದ ತೌಡು ಮೇಲೆ. ಮೇವು ತುಂಬಿ ತೂತು ಮಾಡಿದ ಚೀಲ ನಡುವೆ. ನೆನೆಸಿದ ಹಿಂಡಿಯ ಉಂಡೆ ಮಣ್ಣಿನ ತಟ್ಟೆಯಲ್ಲಿಟ್ಟು ಹಗ್ಗದಿಂದ ತಳಕ್ಕೆ. ತಟ್ಟೆ ಇಳಿಸುವ ಮುಖ್ಯ ಲಾಭ ಅಂದರೆ ಸಂಜೆ ಎತ್ತಿ ನೋಡಬಹುದು. ಹಿಂಡಿ ಉಳಿದಿದ್ದರೆ ನಾಳೆ ಅಷ್ಟು ಕಮ್ಮಿ. ಹದಿನೈದು ದಿನಕ್ಕೊಮ್ಮೆ ಬಲೆ ಎಳೆದು, ಎಲ್ಲರಿಗಿಂತ ಮುಂದೆ ಹೋದ ಮರಿಗಳನ್ನು ಬೇರೆ ತೊಟ್ಟಿಗೆ ಹಾಕಿದೆ. ಬೇಸರದ ಕೆಲಸ ಇದು, ಆದರೆ ಇದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಅರ್ಧ ಕೆಲಸ.

ಒಂದೂವರೆ ತಿಂಗಳಿಗೆ ಕಾಟ್ಲಾ ಮೂರರಿಂದ ನಾಲ್ಕಿಂಚಿನೊಳಗೆ ನಿಂತವು. ಮೃಗಾಲ್ ಮೂರಿಂಚು ದಾಟಿ ಮೈ ತುಂಬಿಕೊಂಡಿದ್ದವು. ಮತ್ತೆ ಒಂದನ್ನು ಸಾಸರಿನ ಮೇಲೆ ಬಿಡಿಸಿದೆ. ಕರುಳಿನ ತುಂಬ ಕಪ್ಪು ಗೋಡು, ನಡುವೆ ಹಸಿರು ಪಾಚಿಯ ಎಳೆ. ಅಪ್ಪನನ್ನು ಕರೆದು ಭೂತಗನ್ನಡಿ ಕೊಟ್ಟೆ. ತುಂಬ ಹೊತ್ತು ನೋಡಿದರು. ಈಗ ಸಂಜೆ ತಟ್ಟೆ ಎತ್ತುವವರು ಅವರೇ.