ಮುರಿದ ಟರಿಟೆಲ್ಲಾದಿಂದ ಪೂರ್ತಿ ಉದ್ದ: ನನ್ನ ಅನುಭವ

ಟರಿಟೆಲ್ಲಾ ಎಂದರೆ ಸ್ಕ್ರೂ ಹಾಗೆ ಸುರುಳಿ ಸುತ್ತಿದ ಉದ್ದ ಚೂಪು ಚಿಪ್ಪಿನ ಸಮುದ್ರ ಬಸವನಹುಳು. ಕಛ್‌ನಿಂದ ಅದರ ಪಳೆಯುಳಿಕೆಯ ಮೂಟೆ ಬಂದರೆ, ಅಳೆಯುವ ನಾವೆಲ್ಲ ಮೊದಲು ಮಾಡುವ ಕೆಲಸ ಒಂದೇ. ತುದಿ, ಬಾಯಿ ಎರಡೂ ಇದ್ದ ಚಿಪ್ಪು ಟ್ರೇಗೆ, ಮುರಿದದ್ದು ಡಬ್ಬಿಗೆ. ಅಳತೆ ಟ್ರೇಯದ್ದು ಮಾತ್ರ. ನಾನೂ ಆರು ವರ್ಷ ಹಾಗೇ ಮಾಡಿದೆ. ಈಗ ಡಬ್ಬಿಯನ್ನೂ ಅಳೆಯುತ್ತೇನೆ. ಆ ಅಳತೆಯನ್ನು ನಂಬಬಹುದು ಎಂದು ತೋರಿಸಿಕೊಟ್ಟಾಗಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತಲೆಯಲ್ಲಿ ಹುಳ ಬಿಟ್ಟದ್ದು ಕಛ್‌ನ ಛಾಸ್ರಾ ಹತ್ತಿರದ ಒಂದು ಕಲ್ಲಿನ ಪದರ. ಮಯೋಸೀನ್ ಕಾಲದ್ದು, ಹತ್ತಿರ ಹತ್ತಿರ ಎರಡು ಕೋಟಿ ವರ್ಷ ಹಳೆಯದು. ಒಂದೇ ಪದರದಿಂದ ಸುಮಾರು 900 ತುಣುಕು ಆರಿಸಿದ್ದೆ. ಇಡಿಯಾಗಿ ಸಿಕ್ಕಿದ್ದು 60ರ ಆಸುಪಾಸು, ಅದರಲ್ಲಿ ಅತಿ ಉದ್ದದ್ದು 34 ಮಿಮೀ. ಆದರೆ ಡಬ್ಬಿಯಲ್ಲಿದ್ದ ತುಣುಕುಗಳು ನನ್ನ ಕಿರುಬೆರಳಿಗಿಂತ ದಪ್ಪ! ಉದ್ದ ಚಿಪ್ಪಿನ ತುದಿ ಬೇಗ ಮುರಿಯುತ್ತದೆ, ಎಳೆಯದು ಉಳಿಯುತ್ತದೆ. ಇಡೀ ಚಿಪ್ಪನ್ನಷ್ಟೇ ನಂಬಿ ಕೂತರೆ ಆ ಸಮುದ್ರದಲ್ಲಿ ಬರೀ ಮರಿಗಳೇ ಇದ್ದವು ಎಂದು ಬರೆದುಬಿಡುತ್ತೇವೆ.

ನಮ್ಮ ಹಿರಿಯರೊಬ್ಬರು, ಧಾರವಾಡದವರು, ನನಗೆ ಮೊದಲ ಸಲ ಸುತ್ತಿಗೆ ಕೈಗೆ ಕೊಟ್ಟವರು, ಇದನ್ನು ಕೇಳಿ ಹೇಳಿದ್ದು ಇಷ್ಟೇ: "ತಮ್ಮಾ, ಮುರಕಾ ತುಣುಕಿನಿಂದ ಉದ್ದ ಹೇಳೋದು ಅಳತಿ ಅಲ್ಲ, ಜ್ಯೋತಿಷ್ಯ."

ಅವರ ಅನುಮಾನಕ್ಕೆ ಕಾರಣ ಇತ್ತು. ಚಿಪ್ಪನ್ನು ಕೋನ್ ಎಂದುಕೊಂಡು ತುದಿಯ ಕೋನದಿಂದ ಲೆಕ್ಕ ಹಾಕುವುದು ಎಲ್ಲರಿಗೂ ಗೊತ್ತು. 15 ಮಿಮೀ ಅಗಲದ ತುಣುಕಿಗೆ ಕೋನ 12 ಡಿಗ್ರಿ ಎಂದರೆ ಉದ್ದ 71 ಮಿಮೀ. ಅದೇ 11 ಎಂದರೆ 78, 13 ಎಂದರೆ 66. ಒಂದು ಡಿಗ್ರಿ ಅತ್ತಿತ್ತ ಆದರೆ ಲೆಕ್ಕವೇ ಕೆಟ್ಟಿತು. ಮೊದಲ ವರ್ಷ ವರ್ನಿಯರ್ ಕ್ಯಾಲಿಪರ್ ಹಿಡಿದು ಸುರುಳಿಯ ಒಂದೊಂದು ಸುತ್ತಿನ ಅಗಲ ತೆಗೆದೆ. ಒಂದೇ ಚಿಪ್ಪು ಸೋಮವಾರ 62, ಗುರುವಾರ 70 ಬಂತು. ಎರಡನೇ ವರ್ಷ ಮೊಬೈಲ್ ಫೋಟೋ. ಚೌಕಟ್ಟಿನ ಅಂಚಿಗೆ ಬಿದ್ದ ಚಿಪ್ಪೆಲ್ಲ ಸೊಟ್ಟ. ಒಳ್ಳೆಯ ಮ್ಯಾಕ್ರೋ ಲೆನ್ಸ್ ಬಾಡಿಗೆಗೆ ತಂದು 6,000 ಕಳೆದುಕೊಂಡದ್ದೂ ಆಗಲೇ.

ದಾರಿ ತೋರಿಸಿದ್ದು ಪುಣೆಯ ಹಳೇ ಸಾಮಾನಿನ ಸಂತೆ, ಜುನಾ ಬಜಾರ್. ಭಾನುವಾರ ಹಳೆಯ ಜರಡಿ ಹುಡುಕುತ್ತ ಹೋಗಿದ್ದೆ. ಗುಜರಿಯವ ವಿಜಯಪುರದ ಕಡೆಯವ, ನನ್ನ ಮಾತು ಕೇಳಿ ಕನ್ನಡಕ್ಕೆ ಇಳಿದ. "ಈ ಸ್ಕ್ಯಾನರ್ ಒಯ್ರಿ ಸರ್, ವಜ್ಜಾ ಐತಿ, ಹಳೇ ಮಾಲು, ಆರನೂರು ಕೊಡ್ರಿ." ಭಾರ ಇದ್ದದ್ದೇ ಒಳ್ಳೆಯದಾಯಿತು. ಒಳಗೆ ಕನ್ನಡಿ, ಮಸೂರ ಇರುವ ಹಳೆಯ ಸಿಸಿಡಿ ಸ್ಕ್ಯಾನರ್‌ಗಳು ಗಾಜಿನಿಂದ ಒಂದಿಷ್ಟು ಮೇಲಿರುವುದನ್ನೂ ಸ್ಪಷ್ಟವಾಗಿ ಹಿಡಿಯುತ್ತವೆ. ಈಗಿನ ತೆಳ್ಳನೆಯವು ಕಾಗದಕ್ಕೆ ಸರಿ, ಚಿಪ್ಪು ಇಟ್ಟರೆ ಮಸುಕು. ಅಂಥದ್ದೊಂದಕ್ಕೆ ಮೊದಲೇ 4,500 ಸುರಿದಿದ್ದೆ, ಅದು ಈಗ ಮಗಳ ಶಾಲೆ ಕೆಲಸಕ್ಕೆ.

ಇನ್ನೊಂದು ಸಂಗತಿ ಕಂಡುಕೊಳ್ಳಲು ನನಗೆ ನಾಲ್ಕು ತಿಂಗಳು ಹಿಡಿಯಿತು. ದೀಪ ಓಡುವ ದಿಕ್ಕಿನಲ್ಲಿ ಅಳತೆ ನೆಟ್ಟಗೆ ಬರುತ್ತದೆ. ಅಡ್ಡಡ್ಡ ಮಾತ್ರ ಕುಗ್ಗುತ್ತದೆ, ಗಾಜಿನಿಂದ ಮೇಲೆ ಹೋದಷ್ಟೂ ಹೆಚ್ಚು. ದುಂಡು ಚಿಪ್ಪಿನ ಅತಿ ಅಗಲದ ಭಾಗ ಗಾಜಿಗೆ ತಾಗಿರುವುದಿಲ್ಲವಲ್ಲ! ಹಾಗಾಗಿ ಪ್ರತಿ ತುಣುಕನ್ನೂ ಎರಡು ಸಲ ಸ್ಕ್ಯಾನ್ ಮಾಡುತ್ತೇನೆ, ಎರಡನೇ ಸಲ ತೊಂಬತ್ತು ಡಿಗ್ರಿ ತಿರುಗಿಸಿ. ಸುತ್ತಿನ ಅಗಲ ಒಂದರಿಂದ, ಎತ್ತರ ಇನ್ನೊಂದರಿಂದ. 1200 ಡಿಪಿಐ (ಅಂಗುಲಕ್ಕೆ 1200 ಚುಕ್ಕೆ) ಸಾಕು, ಒಂದು ಚುಕ್ಕೆಗೆ ಹೆಚ್ಚುಕಡಿಮೆ 0.02 ಮಿಮೀ ಬೀಳುತ್ತದೆ. ಕನಿಷ್ಠ ನಾಲ್ಕು ಸುತ್ತು ಇಲ್ಲದ ತುಣುಕನ್ನು ಮುಟ್ಟುವುದಿಲ್ಲ.

ಆಮೇಲೆ ಪರೀಕ್ಷೆ. ಕೊಂಕಣ ಕರಾವಳಿಯ ಮೀನು ಬಂದರು ಹರ್ಣೈಗೆ ಹೋಗಿ ಹರಾಜಿನ ಹೊತ್ತಿಗೆ ಬಲೆಯ ಕಸದಲ್ಲಿ ಬಂದ ಈಗಿನ ಟರಿಟೆಲ್ಲಾ ಆರಿಸಿದೆ. ಮೀನು ಮಾರುವ ಮಾವಶಿ ಒಬ್ಬರು ಎರಡೇ ದಿನದಲ್ಲಿ ಒಂದು ಬುಟ್ಟಿ ಕೂಡಿಹಾಕಿ ಕೊಟ್ಟರು, ದುಡ್ಡು ಬೇಡ ಅಂದರೂ 300 ಕೊಟ್ಟು ಬಂದೆ. ಜೀವಂತ ಇದ್ದಾಗಲೇ ದೊಡ್ಡವುಗಳ ತುದಿ ಉದುರಿರುತ್ತದೆ, 200ರಲ್ಲಿ ಪೂರ್ತಿ ಸಿಕ್ಕಿದ್ದು 40. ನನ್ನ ವಿದ್ಯಾರ್ಥಿನಿ ಅವುಗಳ ಉದ್ದ ಬರೆದಿಟ್ಟುಕೊಂಡು, ತುದಿ ಮುರಿದು, ತುಣುಕನ್ನಷ್ಟೇ ನನಗೆ ಕೊಟ್ಟಳು. ನನ್ನ ಲೆಕ್ಕ ಬಹುಪಾಲು ನೂರಕ್ಕೆ ಮೂರು ನಾಲ್ಕರ ವ್ಯತ್ಯಾಸದಲ್ಲಿ ಬಂತು, ಎರಡು ಮೂರು ಮಾತ್ರ ಎಂಟಕ್ಕೆ ಹೋದವು. ಚಿಪ್ಪು ಬೆಳೆದ ಹಾಗೆ ಕೋನ ತುಸು ಕಿರಿದಾಗುತ್ತ ಹೋಗುತ್ತದೆ. ಅದಕ್ಕೆ ನಾನು ಹಾಕುವ ತಿದ್ದುಪಡಿ ಒಂದಿದೆ, ನಮ್ಮ ಪ್ರಬಂಧ ಅಚ್ಚಾಗುವ ತನಕ ಅದು ನನ್ನಲ್ಲೇ ಇರಲಿ. ಬೇರೆ ಜಾತಿಗೆ ಹೇಗಿದ್ದರೂ ಬೇರೆಯೇ ತೆಗೆಯಬೇಕು.

ಇಷ್ಟೆಲ್ಲ ಒದ್ದಾಡಿದ್ದು ತೂತುಗಳಿಗಾಗಿ. ನ್ಯಾಟಿಸಿಡ್, ಮ್ಯೂರಿಸಿಡ್ ಎಂಬ ಎರಡು ಗುಂಪಿನ ಬೇಟೆಗಾರ ಬಸವನಹುಳುಗಳು ಬೇರೆ ಚಿಪ್ಪುಗಳನ್ನು ಕೊರೆದು ಒಳಗಿನದನ್ನು ತಿನ್ನುತ್ತವೆ. ನ್ಯಾಟಿಸಿಡ್ ಬಸವನಹುಳು ಕೊರೆದ ತೂತು, ಸ್ಕ್ರೂ ತಲೆ ಕೂರಲೆಂದು ಬಡಗಿ ಬಾಯಿ ಅಗಲಿಸಿದ ತೂತಿನ ಹಾಗೆ ಇರುತ್ತದೆ. ಮ್ಯೂರಿಸಿಡ್‌ದು ನೇರ ಗೋಡೆ. ಕೊರೆಯುವುದು ಅರ್ಧಕ್ಕೇ ನಿಂತಿದ್ದರೆ ನ್ಯಾಟಿಸಿಡ್ ಗುಳಿಯ ನಡುವೆ ಸಣ್ಣ ಗುಬ್ಬಿ ಉಳಿದಿರುತ್ತದೆ. ಬೇಟೆಗಾರ ದೊಡ್ಡದಾದಷ್ಟೂ ತೂತು ದೊಡ್ಡದು. ಹಾಗಾಗಿ ತಿಂದವನ ಅಂದಾಜು, ತಿನ್ನಿಸಿಕೊಂಡವನ ಗಾತ್ರ ಎರಡೂ ಒಂದೇ ತುಣುಕಿನಲ್ಲಿ ಸಿಗುತ್ತವೆ. ಟ್ರೇಯ 60 ಚಿಪ್ಪು ನೋಡಿದಾಗ ಬೇಟೆ ಸಣ್ಣವಕ್ಕೇ ಮುಗಿಯುತ್ತಿತ್ತು. ಡಬ್ಬಿ ಸೇರಿಸಿದ ಮೇಲೆ 55-60 ಮಿಮೀವರೆಗೂ ತೂತು ಕಂಡವು, ಅದಕ್ಕಿಂತ ದೊಡ್ಡದರಲ್ಲಿ ಅರ್ಧಕ್ಕೆ ಬಿಟ್ಟ ಗುಳಿಗಳೇ ಜಾಸ್ತಿ. ಬಚಾವಾಗುವ ಗಾತ್ರ ಯಾವುದೆಂದು ನಾವು ತಪ್ಪು ಜಾಗದಲ್ಲಿ ಗೆರೆ ಎಳೆಯುತ್ತಿದ್ದೆವು.

ತೂತಿನ ಫೋಟೋ ಸ್ಪಷ್ಟವಾಗಲೆಂದು ಚಿಪ್ಪಿಗೆ ನವಸಾಗರದ (ಅಮೋನಿಯಂ ಕ್ಲೋರೈಡ್) ಹೊಗೆ ಕೊಟ್ಟು ಬಿಳಿ ಮಾಡುತ್ತೇನೆ. ಪ್ರಯೋಗಾಲಯದ್ದು ದುಬಾರಿ. ಕಲಾಯಿಯವರು ಬಳಸುವುದು ಪುಣೆಯ ತಾಮ್ರದವರ ಕೇರಿ ತಾಂಬಟ್ ಆಳಿಯಲ್ಲಿ ಸಿಗುತ್ತದೆ, ಕೆಲಸಕ್ಕೆ ಅದೇ ಸಾಕು. ಪುಣೆಯ ಮಳೆಗಾಲದಲ್ಲಿ ಮಾತ್ರ ಕೈ ಹಾಕಬೇಡಿ. ತೇವಕ್ಕೆ ಪುಡಿ ನೋಡನೋಡುತ್ತ ಕರಗುತ್ತದೆ.

ತೂತು ಬಿದ್ದ ಚಿಪ್ಪು ಅಲೆಗೆ ಬೇಗ ಮುರಿಯುತ್ತದೆಯೇ ಎಂಬ ಅನುಮಾನವೂ ಬಂತು, ಹಾಗಿದ್ದರೆ ನನ್ನ ಎಣಿಕೆಯೇ ಅಡ್ಡದಾರಿ. ಹಳೆಯ ದೋಸೆ ಗ್ರೈಂಡರ್ ಒಂದನ್ನು 800ಕ್ಕೆ ಕೊಂಡು, ಕಲ್ಲು ತೆಗೆದು, ಮರಳು ನೀರು ಹಾಕಿ ಹರ್ಣೈ ಚಿಪ್ಪುಗಳನ್ನು ದಿನಕ್ಕೆ ಆರು ಗಂಟೆಯಂತೆ ಹತ್ತು ದಿನ ತಿರುಗಿಸಿದೆ. ಕೈ ಡ್ರಿಲ್‌ನಿಂದ ತೂತು ಮಾಡಿದವು, ಮಾಡದವು, ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಸವೆದವು. ಚಿಪ್ಪು ಕಡಿಮೆ, ಮರಳೂ ಒಂದೇ ನಮೂನೆ. ಇನ್ನೊಮ್ಮೆ ಮಾಡಬೇಕು.

ದುಡ್ಡು ಹೆಚ್ಚು ಹೋದದ್ದು ಕಛ್ ತಿರುಗಾಟಕ್ಕೆ. ಅಲ್ಲಿನ ನಲಿಯಾ ಊರಿನಿಂದ ಜೀಪು ದಿನಕ್ಕೆ ಎರಡೂವರೆ ಸಾವಿರ, ಮೂರು ಸಲ ಹೋದದ್ದು ಸೇರಿ ಕೈಯಿಂದ ನಲವತ್ತು ಸಾವಿರ ದಾಟಿತು. ಎರಡನೇ ಸಲದ ಮಾಲನ್ನು ಕೊರಿಯರ್‌ಗೆ ಹಾಕಿ ಕೆಟ್ಟೆ. ಪೇಪರ್‌ನಲ್ಲಿ ಸುತ್ತಿದ್ದೆ, ಬಂದದ್ದು ಅರ್ಧ ಪುಡಿ, ನಾಲ್ಕು ಸುತ್ತಿದ್ದವು ಎರಡೆರಡಾಗಿದ್ದವು. ಅವತ್ತಿನಿಂದ ಒಂದೊಂದು ಚಿಪ್ಪೂ ಹತ್ತಿ ಹಾಸಿದ ಬೆಂಕಿಪೊಟ್ಟಣದಲ್ಲಿ, ರೈಲಿನಲ್ಲಿ, ನನ್ನ ಸೀಟಿನ ಕೆಳಗೆ.

ಕಳೆದ ದಸರೆಗೆ ಹರ್ಣೈ ಪರೀಕ್ಷೆಯ ಕಾಗದ ಹಿಡಿದು ಹಿರಿಯರ ಮನೆಗೆ ಹೋದೆ. ಕನ್ನಡಕ ಹಾಕಿಕೊಂಡು ನಲವತ್ತೂ ಸಾಲು ಓದಿದರು. ಏನೂ ಹೇಳದೆ ಒಳಗೆ ಹೋಗಿ, ತಾವು ಹುಡುಗನಾಗಿದ್ದಾಗ ಆರಿಸಿದ ಮುರಕಾ ಚಿಪ್ಪಿನ ಎರಡು ಬಿಸ್ಕತ್ತು ಡಬ್ಬಿ ತಂದು ಮುಂದಿಟ್ಟರು. ಒಂದರಲ್ಲಿ ಪದರದ ಚೀಟಿ ಇದೆ, ಸ್ಕ್ಯಾನ್ ನಡೆಯುತ್ತಿದೆ. ಇನ್ನೊಂದರ ಚೀಟಿಗಳನ್ನು ಬೆಳ್ಳಿಮೀನು ಹುಳ ತಿಂದಿದೆ. ಅದನ್ನು ಎಣಿಕೆಗೆ ಸೇರಿಸುವಂತಿಲ್ಲ, ಹುಡುಗರ ಕೈ ಪಳಗಲು ಇಟ್ಟಿದ್ದೇನೆ.