ಹೆಕ್ ಸೆಲ್‌ನಲ್ಲಿ ನ್ಯೂರೆಕ್ಸಿನ್-ನ್ಯೂರೋಲಿಜಿನ್ ಜೋಡಿ ಕೊನೆಗೂ ಅಂಟ್ಕೊಂಡ್ವು: ನನ್ನ ಅನುಭವ

ನ್ಯೂರೆಕ್ಸಿನ್, ನ್ಯೂರೋಲಿಜಿನ್ ಅಂದ್ರೆ ಎರಡು ನರಕೋಶ ಸೇರೋ ಜಾಗದಲ್ಲಿ (ಸಿನಾಪ್ಸ್) ಆ ಕಡೆ ಈ ಕಡೆಯಿಂದ ಕೈ ಹಿಡ್ಕೊಳ್ಳೋ ಪ್ರೋಟೀನ್‌ಗಳು. ಹೆಕ್ ಸೆಲ್ ಅಂದ್ರೆ ಮನುಷ್ಯನ ಕಿಡ್ನಿಯಿಂದ ಬಂದ, ಲ್ಯಾಬಲ್ಲಿ ಸುಲಭವಾಗಿ ಬೆಳೆಯೋ ಸೆಲ್. ಲ್ಯಾಬ್ ಮೀಟಿಂಗಲ್ಲಿ ನಾನು "ನ್ಯೂರಾನ್ ಬೇಡ, ಬರೀ ಹೆಕ್ ಸೆಲ್‌ನಲ್ಲೇ ಈ ಜೋಡಿ ತೋರಿಸ್ತೀನಿ" ಅಂದಾಗ ನಮ್ಮ ಸೀನಿಯರ್ ಒಬ್ರು "ಆಗಲ್ಲ ಕಣಮ್ಮ, ಹೆಕ್ ಸೆಲ್ ಸುಮ್ನೆ ಬಿಟ್ರೂ ಗುಂಪು ಕಟ್ತವೆ, ಯಾವುದು ನಿಜವಾದ ಜೋಡಿ ಅಂತ ಹೆಂಗ್ ಹೇಳ್ತೀಯ" ಅಂದ್ರು. ಪ್ರಶ್ನೆ ಸರಿಯಾಗೇ ಇತ್ತು. ಉತ್ತರ ಸಿಗೋಕೆ ಸುಮಾರು 7 ತಿಂಗಳು ಹಿಡೀತು, ಸಿಕ್ಕಿದೆ, ಅದಕ್ಕೇ ಬರೀತಿದೀನಿ.

ಸೆಟಪ್ ಹೀಗೆ. ಒಂದು ಡಿಶ್‌ನ ಸೆಲ್‌ಗೆ ನ್ಯೂರೆಕ್ಸಿನ್ 1 ಬೀಟಾದ ಡಿಎನ್‌ಎ, ಹಸಿರಾಗಿ ಹೊಳೆಯೋ ಪ್ರೋಟೀನ್ ಜಿಎಫ್‌ಪಿ ಜೊತೆ, ಇನ್ನೊಂದಕ್ಕೆ ನ್ಯೂರೋಲಿಜಿನ್ 1, ಕೆಂಪಾಗಿ ಹೊಳೆಯೋ ಎಂಚೆರ್ರಿ ಜೊತೆ, 48 ಗಂಟೆ ಆದ್ಮೇಲೆ ಸೆಲ್‌ಗಳನ್ನ ಡಿಶ್‌ನಿಂದ ಎಬ್ಬಿಸಿ ಒಂದೇ ಟ್ಯೂಬಲ್ಲಿ ತಿರುಗಿಸೋದು.

ಮೊದಲ ಎರಡು ತಿಂಗಳು ಏನೂ ಅಂಟಲಿಲ್ಲ. ಬಣ್ಣ ಮಾತ್ರ ಚೆನ್ನಾಗಿತ್ತು, ಅದೇ ನನ್ನ ದಾರಿ ತಪ್ಪಿಸಿದ್ದು. ಸೆಲ್ ಎಬ್ಬಿಸೋಕೆ ಅಭ್ಯಾಸದಂತೆ ಪ್ರೋಟೀನ್ ಕತ್ತರಿಸೋ ಕಿಣ್ವ ಟ್ರಿಪ್ಸಿನ್ ಹಾಕ್ತಿದ್ದೆ, ಟ್ರಿಪ್ಸಿನ್ ಈ ಪ್ರೋಟೀನ್‌ಗಳ ಹೊರಗೆ ಚಾಚ್ಕೊಂಡಿರೋ ಭಾಗಾನೇ ಕತ್ತರಿಸಿಬಿಡುತ್ತೆ, ಜಿಎಫ್‌ಪಿ ಒಳಗಡೆ ಇರೋದ್ರಿಂದ ಅದು ಹೊಳೀತಾನೇ ಇರುತ್ತೆ. ಸೆಲ್‌ಗೆ ತೂತು ಮಾಡದೆ ಪ್ರೋಟೀನಿನ ಹೊರಭಾಗಕ್ಕೆ ಕಟ್ಟಿದ್ದ ಗುರುತಿನ ತುಂಡಿಗೆ (ಟ್ಯಾಗ್) ಆಂಟಿಬಾಡಿ ಹಾಕಿ ನೋಡಿದಾಗ ಪೂರ್ತಿ ಖಾಲಿ! ಆವತ್ತಿಂದ ಬರೀ ಇಡಿಟಿಎ (ಕ್ಯಾಲ್ಸಿಯಂ ಹಿಡ್ಕೊಂಡು ಸೆಲ್ ಸಡಿಲಿಸೋ ಕೆಮಿಕಲ್), 2 ಮಿಲಿಮೋಲಾರ್ ಆಸುಪಾಸು, 5-7 ನಿಮಿಷ, ಡಿಶ್‌ನ ಪಕ್ಕಕ್ಕೆ ಮೆತ್ತಗೆ ತಟ್ಟಿದ್ರೆ ಸಾಕು. ಆಮೇಲೆ ಚೆನ್ನಾಗಿ ತೊಳೀಬೇಕು, ಯಾಕಂದ್ರೆ ಈ ಜೋಡಿಗೆ ಕ್ಯಾಲ್ಸಿಯಂ ಬೇಕೇ ಬೇಕು.

ಆಮೇಲೆ ಸೆಲ್‌ಗಳು ಅಂಟಿ ಮುದ್ದೆ ಬಂದ್ವು, ಫೋಟೋ ತೆಗೆದು ಎಲ್ರಿಗೂ ಕಳಿಸಿದೆ, ಮಾರನೇ ದಿನ ನೋಡಿದ್ರೆ ಬರೀ ಜಿಎಫ್‌ಪಿ ಹಾಕಿದ್ದ ಕಂಟ್ರೋಲ್‌ನಲ್ಲೂ ಅಷ್ಟೇ ಮುದ್ದೆ. ನಾನು ಪಿಬಿಎಸ್‌ಗೆ (ಫಾಸ್ಫೇಟ್ ಇರೋ ಉಪ್ಪುನೀರು) 10 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಸುರಿದಿದ್ದೆ, ಫಾಸ್ಫೇಟ್ ಜೊತೆ ಸೇರಿ ಉಪ್ಪು ಕೂತು, ಆ ಕಾಳಿಗೆ ಸೆಲ್ ಮೆತ್ಕೊಂಡಿದ್ವು. ಫಾಸ್ಫೇಟ್ ಇಲ್ಲದ ಹೆಪೀಸ್ ಸಲೈನ್‌ಗೆ ಬಂದೆ, ಕ್ಯಾಲ್ಸಿಯಂ 2 ಮಿಲಿಮೋಲಾರ್‌ಗೆ ಇಳಿಸಿದೆ, ಆ ಕಾಟ ಮುಗೀತು.

ಈಗ ಸೀನಿಯರ್ ಪ್ರಶ್ನೆ. ಕ್ಯಾಲ್ಸಿಯಂ ಕಿತ್ಕೊಳ್ಳೋ ಇಜಿಟಿಎ ಹಾಕಿದ್ರೆ ಮುದ್ದೆ ಬಿಚ್ಕೊಳ್ಳುತ್ತೆ, ಆದ್ರೆ ಅದೊಂದನ್ನೇ ನಂಬ್ಬೇಡಿ, ಹೆಕ್ ಸೆಲ್‌ಗೆ ತನ್ನದೇ ಎನ್-ಕ್ಯಾಡ್ಹೆರಿನ್ ಅನ್ನೋ ಅಂಟು ಪ್ರೋಟೀನ್ ಇದೆ, ಅದಕ್ಕೂ ಕ್ಯಾಲ್ಸಿಯಂ ಬೇಕು. ಕ್ಯಾಡ್ಹೆರಿನ್‌ಗೆ ಬಣ್ಣದ ಭೇದ ಇಲ್ಲ, ಹಸಿರು-ಹಸಿರು, ಕೆಂಪು-ಕೆಂಪು, ಎಲ್ಲಾನೂ ಅಂಟಿಸುತ್ತೆ. ನಮ್ಮ ಜೋಡಿ ಹಸಿರು-ಕೆಂಪನ್ನ ಮಾತ್ರ ಅಂಟಿಸುತ್ತೆ. ಹಾಗಾಗಿ ನಾನು ಮುದ್ದೆ ಎಣಿಸೋದು ಬಿಟ್ಟು ಅಕ್ಕಪಕ್ಕ ತಾಗಿರೋ ಜಾಗಗಳನ್ನ ಎಣಿಸಿದೆ, ತಾಗಿದ್ದು ಯಾವ ಬಣ್ಣ ಯಾವ ಬಣ್ಣಕ್ಕೆ ಅಂತ. ಜೋಡಿ ಇಲ್ಲದೆ ಬಣ್ಣ ಮಾತ್ರ ಹಾಕಿದ ಕಂಟ್ರೋಲ್‌ನಲ್ಲಿ ಹಸಿರು-ಕೆಂಪು ಹೆಚ್ಚುಕಮ್ಮಿ ಅರ್ಧ, ಜೋಡಿ ಇದ್ದಲ್ಲಿ ನೂರಕ್ಕೆ 85ರ ಮೇಲೆ. ಅಲ್ಲದೆ ತಾಗಿದ ಗಡೀಲಿ ಎರಡೂ ಬಣ್ಣ ಒಟ್ಟಾಗಿ ದಪ್ಪ ಗೆರೆ ಕಟ್ತವೆ, ಮಾಮೂಲಿ ಫ್ಲೋರೆಸೆನ್ಸ್ ಮೈಕ್ರೋಸ್ಕೋಪಲ್ಲೇ ಕಾಣುತ್ತೆ, ಕಾನ್‌ಫೋಕಲ್ ಸ್ಲಾಟ್‌ಗೆ ಕಾಯ್ಲಿಲ್ಲ ನಾನು. ಸೀನಿಯರ್ ಕೌಂಟ್ ಶೀಟನ್ನ ಎರಡು ಸಲ ನೋಡಿದ್ರು, ಮಾತಾಡಲಿಲ್ಲ. ಟ್ಯೂಬಿನ ಒಳಗೋಡೆಗೆ ಸೆಲ್ ಮೆತ್ಕೊಳ್ದೆ ಇರೋಕೆ ಏನು ಮಾಡ್ತೀನಿ ಅನ್ನೋದು ಪೇಪರ್ ಬರೋವರೆಗೂ ನನ್ನ ಹತ್ರಾನೇ ಇರ್ಲಿ.

ದುಡ್ಡಿನ ವಿಷ್ಯ. ಡಿಎನ್‌ಎನ ಸೆಲ್ ಒಳಗೆ ತಲುಪಿಸೋ ಲಿಪೋಫೆಕ್ಟಮೀನ್ ಸಣ್ಣ ಬಾಟ್ಲಿಗೇ 50 ಸಾವಿರದ ಹತ್ರ ಕೋಟ್ ಬಂತು, ಗ್ರಾಂಟಲ್ಲಿ ಅಷ್ಟು ಇರ್ಲಿಲ್ಲ. ಅದೇ ಕೆಲಸ ಮಾಡೋ ಅಗ್ಗದ ಪುಡಿ ಲೀನಿಯರ್ ಪಿಇಐ ತರಿಸಿ ಡಿಎನ್‌ಎಗೆ ಮೂರು ಪಾಲು ಹಾಕಿ ಮಾಡಿದೆ, ಒಂದು ಪುಡಿ ಡಬ್ಬಿ ಇಷ್ಟೂ ಕೆಲಸಕ್ಕೆ ಸಾಕಾಯ್ತು, ಲಿಪೋಫೆಕ್ಟಮೀನ್‌ಗೆ ಆಗ್ತಿದ್ದ ದುಡ್ಡಿನ ಹತ್ತನೇ ಒಂದು ಭಾಗ ಖರ್ಚೂ ಆಗಿರಲ್ಲ. ಸೆಲ್ ಬೆಳೆಸೋಕೆ ಹಾಕೋ ಸೀರಮ್‌ನಲ್ಲಿ ಮಾತ್ರ ಉಳಿಸೋಕೆ ಹೋಗ್ಬೇಡಿ, ನಾನು ಹೋಗಿ ಎರಡು ಬ್ಯಾಚ್ ಸೆಲ್ ಕಳ್ಕೊಂಡೆ.

ಮಧ್ಯದಲ್ಲಿ ಪಿಎಸ್‌ಡಿ-95 ಕಡೆಗೂ ಹೋದೆ, ಸಿನಾಪ್ಸ್‌ನಲ್ಲಿ ಬೇರೆ ಪ್ರೋಟೀನ್‌ಗಳನ್ನ ಒಂದೆಡೆ ಹಿಡಿದಿಡೋ ಪ್ರೋಟೀನ್ ಅದು. ಕೆವಿ1.4 ಅನ್ನೋ ಪೊಟ್ಯಾಸಿಯಂ ಚಾನೆಲ್ ಜೊತೆ ಹಾಕಿದ್ರೆ ಕಾಸ್-7 ಸೆಲ್‌ನಲ್ಲಿ (ಕೋತಿ ಕಿಡ್ನಿಯಿಂದ ಬಂದ ಲ್ಯಾಬ್ ಸೆಲ್) ಎರಡೂ ಸೇರಿ ತೇಪೆ ತೇಪೆಯಾಗಿ ನಿಲ್ತವೆ ಅಂತ 1995ರಲ್ಲೇ ತೋರಿಸಿದಾರೆ. ನನಗೆ ಆರು ವಾರ ಬರೀ ಮಸುಕು, ಯಾಕಂದ್ರೆ ಜಿಎಫ್‌ಪಿನ ಪಿಎಸ್‌ಡಿ-95ರ ಎನ್ ತುದೀಲಿ (ಪ್ರೋಟೀನಿನ ಶುರುವಿನ ತುದಿ) ಕೂರಿಸಿದ್ದೆ, ಆ ತುದೀಲೇ 3 ಮತ್ತು 5ನೇ ಜಾಗದ ಸಿಸ್ಟೀನ್‌ಗೆ ಪಾಲ್ಮಿಟೇಟ್, ಅಂದ್ರೆ ಪ್ರೋಟೀನನ್ನ ಸೆಲ್ ಪೊರೆಗೆ ಹಿಡಿಸೋ ಕೊಬ್ಬು, ಹತ್ಕೊಬೇಕಿತ್ತು. ಸಿ ತುದಿಗೆ (ಕೊನೆಯ ತುದಿ) ಬದಲಾಯಿಸಿದ ವಾರವೇ ತೇಪೆ ಬಂದ್ವು, ನೋಡೋಕೇ ಖುಷಿ. ಜಿಎಫ್‌ಪಿ ಎ206ಕೆ (206ನೇ ಜಾಗದಲ್ಲಿ ಬದಲಾಯಿಸಿ ಒಂಟಿಯಾಗೇ ಉಳಿಯೋ ಹಾಗೆ ಮಾಡಿದ್ದು) ಇರೋದನ್ನೇ ತಗೊಳ್ಳಿ, ಮಾಮೂಲಿದು ತಾನೇ ತಾನಾಗಿ ಜೋಡಿ ಆಗುತ್ತೆ, ಕ್ಲಸ್ಟರಿಂಗ್ ಕೆಲಸದಲ್ಲಿ ಅದು ದೊಡ್ಡ ಮೋಸ.

ನಿನ್ನೆ ಇನ್ನೊಂದು ಸಿನಾಪ್ಸ್ ಪ್ರೋಟೀನ್ ಎಲ್‌ಆರ್‌ಆರ್‌ಟಿಎಂ2ರ ಡಿಎನ್‌ಎನ ಸೆಲ್‌ಗೆ ಹಾಕಿದೀನಿ, ಅದೂ ನ್ಯೂರೆಕ್ಸಿನ್‌ನ ಅದೇ ಜಾಗಕ್ಕೆ ಬಂದು ಕೂರೋದು, ನ್ಯೂರೋಲಿಜಿನ್ ಜೊತೆ ಒಂದೇ ಟ್ಯೂಬಲ್ಲಿ ಹಾಕಿ ಯಾರು ಗೆಲ್ತಾರೆ ನೋಡ್ಬೇಕು, ನಾಳೆ ಸಂಜೆ ಎಬ್ಬಿಸ್ತೀನಿ.