ಜುಲೈ ಮಳೆಯಲ್ಲಿ ಅರಗಿನ ಪಾಲಿಶ್: ನನ್ನ ಅನುಭವ

ಮಳೆಗಾಲದಲ್ಲಿ ಅರಗಿನ ಪಾಲಿಶ್, ಅಂದರೆ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಮರಕ್ಕೆ ಹಚ್ಚುವ ಪಾಲಿಶ್, ಹಿಡಿಯಲ್ಲ ಎಂದು ನನಗೆ ಹೇಳದವರೇ ಇಲ್ಲ. ನಮ್ಮ ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಜುಲೈನಲ್ಲಿ ಇಲ್ಲಿ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗಲ್ಲ, ಭರಣಿಯಲ್ಲಿಟ್ಟ ಉಪ್ಪು ನೀರಾಗುತ್ತದೆ. ಅಂಥ ಜುಲೈನಲ್ಲೇ ಮಾವನವರ ತೇಗದ ಕಪಾಟಿಗೆ ಕೈಯಲ್ಲೇ ಪಾಲಿಶ್ ಹಾಕಿ ಮುಗಿಸಿದೆ. ಆಮೇಲೆ ಎರಡು ಮಳೆಗಾಲ ಕಳೆದಿದೆ. ಒಂದು ಕಡೆಯೂ ಬಿಳಿ ಎದ್ದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಳೆಗಾಲವೇ ಯಾಕೆ ಎಂದರೆ, ನನಗೆ ಬಿಡುವು ಸಿಗುವುದು ಆಗ ಮಾತ್ರ. ಅಡಿಕೆ ಕೊಯ್ಲು ಶುರುವಾದರೆ ಸುಲಿ, ಬೇಯಿಸು, ಒಣಗಿಸು. ಅದು ಮುಗಿಯುವಷ್ಟರಲ್ಲಿ ಮದುವೆ, ಮುಂಜಿ. ಬಿಸಿಲಿಗೆ ಕಾಯುತ್ತಾ ಆ ಕಪಾಟು ಹಾಗೇ ಆರು ವರ್ಷ ನಿಂತಿತ್ತು.

ಆರಡಿ ಎತ್ತರ, ಎರಡು ಬಾಗಿಲು, ಕೆಳಗೆ ಎರಡು ಡ್ರಾಯರು. ಮೈಮೇಲೆ ಮೂರು ಪದರ ಆಯಿಲ್ ಪೇಂಟ್. ಮೇಲೆ ಹಸಿರು, ನಡುವೆ ಕಂದು, ಅಡಿಯಲ್ಲಿ ಇನ್ನೊಂದು ಹಸಿರು. ಪಾಲಿಶ್ ಕೆಲಸದವರೊಬ್ಬರು 18 ಸಾವಿರ ಕೇಳಿದರು, ಅದೂ ಪಿಯು (ಪಾಲಿಯುರೆಥೇನ್) ಸ್ಪ್ರೇಗೆ. ಹಳೆಯ ತೇಗಕ್ಕೆ ಪ್ಲಾಸ್ಟಿಕ್ ಹೊದೆಸಿದಂತಾಗುತ್ತದೆ ಎಂದು ನನಗೆ ಮನಸ್ಸಾಗಲಿಲ್ಲ. ಅರಗಿನದ್ದೇ ಬೇಕು ಎಂದೆ. ನಮ್ಮ ಬಡಗಿ ಆಚಾರ್ರು, "ಅಮ್ಮಾ, ಈ ಥಂಡಿಯಲ್ಲಿ ಅರಗು ಬೂದಿ ಬಳಿದ ಹಾಗೆ ಆಗ್ತದೆ. ಸುಮ್ನೆ ದುಡ್ಡು ದಂಡ" ಎಂದರು. ಮೊದಲ ಸಲ ಅವರು ಹೇಳಿದ್ದೇ ಆಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬಣ್ಣ ತೆಗೆದ ಕಥೆ. ದುಡ್ಡು ಉಳಿಸಲು ಕಾಸ್ಟಿಕ್ ಸೋಡಾ ಹಚ್ಚಿದೆ. ಬಣ್ಣ ಹಾಲಿನ ಕೆನೆಯಂತೆ ಎದ್ದು ಬಂತು, ಬಹಳ ಖುಷಿಯಾಯಿತು. ಮರುದಿನ ನೋಡಿದರೆ ತೇಗ ಬಚ್ಚಲ ಬಾಗಿಲಿನಷ್ಟು ಕಪ್ಪು. ಸೋಡಾ ಸಂದಿಗೆ ಇಳಿದು ಹಲಗೆ ಕೂಡಿಸಿದ್ದ ಹಳೆಯ ಸರೇಸಿನ (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ) ಅಂಟೂ ಬಿಟ್ಟಿತು. ವಿನೆಗರ್ ನೀರಿನಲ್ಲಿ ಎಷ್ಟು ತೊಳೆದರೂ ತಿಂಗಳುಗಟ್ಟಲೆ ಬಿಳಿ ಪುಡಿ ಹೊರಗೆ ಬರುತ್ತಲೇ ಇತ್ತು. ಒಂದೇ ಬಾಗಿಲಿಗೆ ಹಚ್ಚಿ ನಿಲ್ಲಿಸಿದ್ದು ಪುಣ್ಯ. ಆ ಬಾಗಿಲಿನ ನಡುವಿನ ಹಲಗೆ ಕೈಬಿಟ್ಟೇ ಹೋಯಿತು.

ಉಳಿದದ್ದಕ್ಕೆ ಪೇಂಟ್ ರಿಮೂವರ್ ತಂದೆ. ಮೂರು ಲೀಟರಿಗೆ ಸಾವಿರದ ಮೇಲೆ ಆಯಿತು. ದುಬಾರಿ ಹೌದು, ಆದರೆ ಮರ ಉಳಿಯಿತು. ಹೀಟ್ ಗನ್ ಬೇಡ ಎಂದು ಮೊದಲೇ ನಿರ್ಧರಿಸಿದ್ದೆ. ಹಳೆಯ ಬಣ್ಣದಲ್ಲಿ ಸೀಸ ಇರುವುದು ಜಾಸ್ತಿ, ಬಿಸಿ ಮಾಡಿದರೆ ಅದು ವಿಷದ ಹೊಗೆಯಾಗುತ್ತದೆ. ನಮ್ಮಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರಲ್ಲಿ. ಈ ಬಣ್ಣ ಅದಕ್ಕಿಂತ ಎಷ್ಟೋ ಹಿಂದಿನದು. ಒಣ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಧೂಳೂ ಎಬ್ಬಿಸಲಿಲ್ಲ. ಮೂಲೆಗಳನ್ನು ಒಡೆದ ಗಾಜಿನ ಚೂರಿನಲ್ಲಿ ಕೆರೆದೆ. ಹಳಬರ ಉಪಾಯ, ಇದಕ್ಕೆ ಸಮನಾದ ಸ್ಕ್ರೇಪರ್ ಇನ್ನೂ ನನಗೆ ಸಿಕ್ಕಿಲ್ಲ. ಬರೀ ಮರ ಬಂದ ಮೇಲಷ್ಟೇ 120, 180, 320ರ ಸ್ಯಾಂಡ್ ಪೇಪರು (ಅಂಕಿ ಹೆಚ್ಚಿದಷ್ಟೂ ನಯ), ಮುಖಕ್ಕೆ ಬಟ್ಟೆ ಕಟ್ಟಿಕೊಂಡು.

ಕಪಾಟಿನ ತಲೆಯ ಮೇಲೆ ಕಂದೀಲು ಇಡುತ್ತಿದ್ದ ಜಾಗದಲ್ಲಿ ಕಪ್ಪು ಉಂಗುರ ಇತ್ತು. ಕಬ್ಬಿಣದ ಕಲೆ, ಪೇಪರಿಗೆ ಜಗ್ಗಲ್ಲ. ಒಂದು ಲೋಟ ಬಿಸಿನೀರಿಗೆ ಎರಡು ಚಮಚ ಆಕ್ಸಾಲಿಕ್ ಆಸಿಡ್ ಕರಗಿಸಿ ರಾತ್ರಿ ಹಚ್ಚಿದೆ. ಬೆಳಿಗ್ಗೆಗೆ ಮುಕ್ಕಾಲು ಪಾಲು ಹೋಗಿತ್ತು, ಎರಡನೇ ಸಲಕ್ಕೆ ಪೂರ್ತಿ. ಅದು ವಿಷ. ಕೈಗವಸು ಹಾಕಿಕೊಳ್ಳಿ, ಆ ಲೋಟ ಮತ್ತೆ ಅಡುಗೆಮನೆಗೆ ಬರಬಾರದು.

ಈಗ ಪಾಲಿಶ್. ಮೊದಲು ಅಂಗಡಿಯಿಂದ ರೆಡಿ ಬಾಟಲಿ ತಂದಿದ್ದೆ. ಎಷ್ಟು ಹಳೆಯದೋ, ಹತ್ತು ದಿನವಾದರೂ ಅಂಟುತ್ತಿತ್ತು. ಮೇಲೆ ನ್ಯೂಸ್ ಪೇಪರ್ ಇಟ್ಟರೆ ಅಕ್ಷರ ಅಚ್ಚಾಗಿ ಕೂತವು. ಕರಗಿಸಿಟ್ಟ ಅರಗು ಹಳತಾದರೆ ಒಣಗುವ ಗುಣವನ್ನೇ ಕಳೆದುಕೊಳ್ಳುತ್ತದೆ. ಎಲ್ಲ ಸ್ಪಿರಿಟಿನಲ್ಲಿ ಒರೆಸಿ ತೆಗೆದು, ಅರಗಿನ ಚಕ್ಕೆ ತರಿಸಿ ನಾನೇ ಕರಗಿಸಿದೆ. ಲೀಟರ್ ಸ್ಪಿರಿಟಿಗೆ 150 ಗ್ರಾಂ ಆಸುಪಾಸು.

ಹಚ್ಚಿದ ಐದೇ ನಿಮಿಷಕ್ಕೆ ಇಡೀ ಬಾಗಿಲು ಬೂದಿ ಬಣ್ಣ. ಆಚಾರ್ರು ಹೇಳಿದ ಹಾಗೇ.

ಆ ದಿನ ಮಧ್ಯಾಹ್ನ ಊಟ ಸೇರಲಿಲ್ಲ. ಮೊದಲು ಸ್ಪಿರಿಟಿಗೇ ನೀರು ಬೆರೆತಿದೆಯೇನೋ ಎಂದು ಅನುಮಾನ ಬಂತು. ಅಂಗಳದಲ್ಲಿ ಒಂದು ಚಮಚ ಸ್ಪಿರಿಟ್ ಹಾಕಿ ಉರಿಸಿದೆ. ಉರಿ ಆರಿದ ಮೇಲೆ ತಳದಲ್ಲಿ ನೀರು ಉಳಿದಿತ್ತು. ಬೇರೆ ಕಡೆಯಿಂದ ತಂದದ್ದನ್ನು ಉರಿಸಿದರೆ ಚಮಚ ಹೆಚ್ಚುಕಡಿಮೆ ಒಣಗಿತು. ಆದರೆ ಆ ಒಳ್ಳೇ ಸ್ಪಿರಿಟಿನಲ್ಲೂ ಸ್ವಲ್ಪ ಬಿಳಿ ಬಂತು. ಆಗ ಕೈ ಇಟ್ಟು ನೋಡಿದೆ. ಹಚ್ಚಿದ ಜಾಗ ತಣ್ಣಗೆ ಕೊರೆಯುತ್ತಿತ್ತು. ಸ್ಪಿರಿಟ್ ಆರುವಾಗ ಮರದ ಮೈ ತಣ್ಣಗಾಗುತ್ತದೆ, ಗಾಳಿಯ ಪಸೆ ಅಲ್ಲಿಗೇ ಬಂದು ಕೂರುತ್ತದೆ. ತಣ್ಣೀರಿನ ಚೊಂಬಿನ ಹೊರಗೆ ಬೆವರು ಕೂರುತ್ತದಲ್ವಾ, ಹಾಗೇ. ಅಂದರೆ ಮಳೆ ನಿಲ್ಲಬೇಕಿಲ್ಲ, ಮರ ಬೆಚ್ಚಗಿದ್ದರೆ ಸಾಕು.

ಅಡಿಕೆ ಒಣಗಿಸುವ ಟಾರ್ಪಾಲನ್ನು ಕಪಾಟಿನ ಸುತ್ತ ಗುಡಾರದಂತೆ ಕಟ್ಟಿದೆ. ಒಳಗೆ 100 ವ್ಯಾಟಿನ ಹಳೇ ಬಲ್ಬು ನಾಲ್ಕು, ಟಾರ್ಪಾಲಿಗೂ ಮರಕ್ಕೂ ತಾಗದಂತೆ. ರಾತ್ರಿಯಿಡೀ ಉರಿಸಿದರೆ ಬೆಳಿಗ್ಗೆ ಮರ ಉಗುರುಬೆಚ್ಚಗೆ ಇರುತ್ತಿತ್ತು. ಆಮೇಲೆ ಬಲ್ಬು ಆರಿಸಿ, ವಯರನ್ನೇ ಹೊರಗೆ ಎಳೆದು, ಟಾರ್ಪಾಲು ಬಿಚ್ಚಿ, ಆನಂತರವೇ ಸ್ಪಿರಿಟಿನ ಮುಚ್ಚಳ ತೆಗೆಯುತ್ತಿದ್ದೆ. ಇದರಲ್ಲಿ ಒಂದು ದಿನವೂ ಅವಸರ ಮಾಡಿಲ್ಲ, ನೀವೂ ಮಾಡಬೇಡಿ. ಮರದ ಬಿಸಿ ಒಂದೂವರೆ ಗಂಟೆ ನಿಲ್ಲುತ್ತಿತ್ತು. ಅಷ್ಟರೊಳಗೆ ಮೂರು ಕೈ, ಅಂದರೆ ಮೂರು ಸಲ ಪಾಲಿಶ್. ವಾಸನೆ ಪೂರ್ತಿ ಹೋದ ಮೇಲೆ ಮತ್ತೆ ಬಲ್ಬು. ಒಂಬತ್ತು ದಿನಕ್ಕೆ ಇಪ್ಪತ್ತೈದು ಕೈ ಆಗಿರಬೇಕು.

ಪಾಲಿಶ್ ಹಚ್ಚಲು ಹತ್ತಿ ಉಂಡೆಗೆ ಮಾವನವರ ಹಳೇ ಪಂಚೆಯ ತುಂಡು ಸುತ್ತಿಕೊಂಡಿದ್ದೆ. ಬಟ್ಟೆ ಜಾರಲಿ ಎಂದು ಮೊದಲು ಕೊಬ್ಬರಿ ಎಣ್ಣೆ ಮುಟ್ಟಿಸಿದ್ದು ತಪ್ಪು. ಅದು ಒಣಗುವ ಎಣ್ಣೆಯಲ್ಲ, ಜಿಡ್ಡು ಹಾಗೇ ಉಳಿಯುತ್ತದೆ. ಅಗಸೆ ಎಣ್ಣೆ ಎರಡು ಹನಿ ಸಾಕು. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹಿಡಿಯುತ್ತದೆ. ನೀರಲ್ಲಿ ಮುಳುಗಿಸಿಡಿ. ಕೊನೆಯ ನಾಲ್ಕು ಕೈಗೆ ಅರಗಿನ ಜೊತೆ ನಾನು ಇನ್ನೊಂದು ಸಾಮಾನು ಸೇರಿಸುತ್ತೇನೆ. ಅದೂ, ಅದರ ಅಳತೆಯೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಕಪಾಟಿನ ಬಾಗಿಲಲ್ಲಿ ಈಗ ಎದುರಿನ ಕಿಟಕಿಯ ಸರಳು ಎಣಿಸಬಹುದು.

ಹಾಳಾದ ಹಲಗೆಯ ಜಾಗಕ್ಕೆ ಮನೆಯಲ್ಲಿದ್ದ ಹಲಸಿನ ಹಲಗೆ ಹಾಕಿಸಿದೆ. ಅದು ಅರಿಶಿನ ಹಳದಿ, ತೇಗದ ಪಕ್ಕ ಕಣ್ಣಿಗೆ ಹೊಡೆಯುತ್ತಿತ್ತು. ಅಂಗಡಿಯ ಸ್ಟೇನ್ ಡಬ್ಬಿಗೆ 400 ರೂಪಾಯಿ ಕೊಡುವ ಮೊದಲು ಹಿಂದಿನ ಕೊಯ್ಲಿನ ಚೊಗರು, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರು, ನೆನಪಾಯಿತು. ನಮ್ಮ ಕಡೆಯ ಭೀಮನಕೋಣೆಯ ಕೈಮಗ್ಗದ ಸಹಕಾರ ಸಂಘ ಚರಕದವರು ಚೊಗರಿನಲ್ಲಿ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ನೂಲಿಗೆ ಹಿಡಿಯುವುದು ಮರಕ್ಕೆ ಯಾಕೆ ಹಿಡಿಯಬಾರದು? ಚೂರು ಹಲಗೆಗಳ ಮೇಲೆ ಒಂದು ವಾರ ಅದೇ ಆಟ. ತೆಳ್ಳಗೆ ಹಚ್ಚಿದರೆ ಜೇನಿನ ಬಣ್ಣ, ಮಂದವಾಗಿ ಹಚ್ಚಿದರೆ ಕೆಂಪು. ಮೊದಲು ಬರೀ ನೀರು ಒರೆಸಿ, ಎದ್ದ ನಾರು ಉಜ್ಜಿಕೊಂಡರೆ ಸಮನಾಗಿ ಹಿಡಿಯುತ್ತದೆ. ಕಪಾಟಿನ ಹಲಸಿನ ಹಲಗೆಗೆ ನಾಲ್ಕು ಸಲ ಸವರಿದೆ.

ಅದರ ಜೊತೆಗೇ ಇನ್ನೊಂದು. ತುಕ್ಕು ಮೊಳೆಗಳನ್ನು ವಿನೆಗರಿನಲ್ಲಿ ವಾರ ನೆನೆಸಿ, ಆ ನೀರನ್ನು ಚೊಗರಿನ ಮೇಲೆ ಎಳೆದೆ. ನೋಡುತ್ತಿದ್ದಂತೆ ಶಾಯಿ ಕಪ್ಪು! ಕಪಾಟಿನ ತಲೆಯ ಮೇಲೆ ಕಂದೀಲು ಮಾಡಿದ್ದ ಕಲೆಯ ಜಾತಿಯದೇ ಇದು, ಈ ಸಲ ಬೇಕೆಂದೇ ಮಾಡಿದ್ದು. ಎರಡು ಮಣೆಗಳಿಗೆ ಹೀಗೇ ಕಪ್ಪು ಅಂಚು ಕೊಟ್ಟೆ. ಅತ್ತೆ ಅವನ್ನು ಹಬ್ಬಕ್ಕೆ ಮಾತ್ರ ತೆಗೆಯುತ್ತಾರೆ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ರಿಮೂವರ್, ಅರಗು, ಸ್ಪಿರಿಟ್, ಪೇಪರು ಸೇರಿ ನಾಲ್ಕೂವರೆ ಸಾವಿರ. ಸೋಡಾ, ಹಳೇ ಬಾಟಲಿ, ನೀರು ಬೆರೆತ ಸ್ಪಿರಿಟ್ ಎಂದು ಹಾಳಾದದ್ದು ಒಂದೂವರೆ ಸಾವಿರ. ಆಚಾರ್ರ ಎರಡು ದಿನದ ಕೂಲಿ ಬೇರೆ. ಕರೆಂಟು ಬಿಲ್ಲು ಆ ತಿಂಗಳು ಮುನ್ನೂರು ಜಾಸ್ತಿ ಬಂತು.

ಹಲಸಿನ ಹಲಗೆ ಮಾತ್ರ ಎರಡು ವರ್ಷದಲ್ಲಿ ತಾನಾಗಿಯೇ ಇನ್ನೂ ಕಂದಿ, ಈಗ ತೇಗಕ್ಕಿಂತ ಒಂದು ಎಳೆ ಗಾಢವಾಗಿದೆ. ಚೊಗರು ನಾಲ್ಕರ ಬದಲು ಎರಡೇ ಸಲ ಸವರಿದ್ದರೆ ಸರಿಹೋಗುತ್ತಿತ್ತು ಎಂದು ನನ್ನ ಅಂದಾಜು. ಮಾವನವರ ಲೆಕ್ಕದ ಡೆಸ್ಕಿಗೆ ಹೊಸ ಮುಚ್ಚಳ ಬೇಕು, ಅದಕ್ಕೆ ಹಾಗೇ ಮಾಡಿ ನೋಡುತ್ತೇನೆ. ಹಲಗೆ ಅಟ್ಟದ ಮೇಲೆ ಒಣಗುತ್ತಿದೆ.